ಕಿವಿ ಇಲ್ಲದ ಪಿಕಪ್ ಬೇಕು

ಬಾಲಿಕ್ಚಿ
೧೪ ಮಾರ್ಚ್ ೧೯೯೮

ಮಾನ್ಯ ಅಫನಾಸಿ ಸೆಮ್ಯೊನೊವಿಚ್ ಅವರಿಗೆ,

ನಿಮಗೆ ನನ್ನ ಪರಿಚಯವಿಲ್ಲ. ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನ ಮನೆ. ನನ್ನ ಗಂಡ ಶರ್ಶೆನ್ ಇಪ್ಪತ್ತೆಂಟು ವರ್ಷ ಮದುವೆಗಳಲ್ಲಿ ಬೇಸ್ ಗಿಟಾರ್ ನುಡಿಸಿದ. ನಮ್ಮೂರ ಈ ಸರೋವರದ ಸುತ್ತ ತಾನು ನುಡಿಸದ ಮದುವೆ ಇದ್ದರೆ ಅದು ಮುರಿದುಬಿದ್ದ ಮದುವೆ ಅಂತ ಜಂಬ ಕೊಚ್ಚುತ್ತಿದ್ದ. ಕಳೆದ ಜೂನ್ ಹನ್ನೆರಡಕ್ಕೆ ತೀರಿಕೊಂಡ. ನಿಮ್ಮ ವಿಳಾಸ ಕೊಟ್ಟದ್ದು ಅವನ ಮೇಳದ ಅಕಾರ್ಡಿಯನ್‌ನವನು. "ಅಲ್ಮಾಟಿಯಲ್ಲಿ ಒಬ್ಬ ಕೊರಿಯನ್ ಮುದುಕ ಇದಾನೆ. ಗಿಟಾರಿನ ಪಿಕಪ್‌ಗೆ ತಂತಿ ಸುತ್ತೋದ್ರಲ್ಲಿ ಅವನನ್ನ ಬಿಟ್ರೆ ಇಲ್ಲ. ಬಾಯಿ ಮಾತ್ರ ಸರಿಯಿಲ್ಲ" ಅಂದ. ಬಾಯಿ ಹೇಗಿದ್ದರೂ ನನಗೇನು ಅಂತ ಬರೆಯುತ್ತಿದ್ದೇನೆ.

ವರ್ಷ ತುಂಬುವ ಮೊದಲು ಆಷ್ ಹಾಕಬೇಕು. ಕುದುರೆ ಕಡಿದು ಊರಿಗೆಲ್ಲ ಊಟ ಹಾಕಿದ ಮೇಲೆ ಸತ್ತವನಿಗೆ ಬಿಡುಗಡೆ, ನನ್ನ ಮೈಮೇಲಿನ ಕಪ್ಪು ಬಟ್ಟೆಗೂ ಬಿಡುಗಡೆ. ಅಲ್ಲಿಯವರೆಗೆ ಮನೆಯಲ್ಲಿ ಹಾಡಿಲ್ಲ, ವಾದ್ಯವಿಲ್ಲ. ಅದಾದ ಮೇಲೆ ಗಿಟಾರ್ ನನ್ನ ಮಗಳು ಸಿರ್ಗಾಳದ್ದು. ಬಿಷ್ಕೆಕ್‌ನ ಒಂದು ರೆಸ್ಟೋರೆಂಟಿನ ಮೇಳದಲ್ಲಿ ಅವಳಿಗೆ ಕೆಲಸ ಸಿಕ್ಕಿದೆ, ಜೂನ್ ಹದಿನೈದಕ್ಕೆ ಹಾಜರಾಗಬೇಕು. ಅಪ್ಪನ ಗಿಟಾರೇ ಬೇಕು ಅಂತ ಹಟ.

ಅದರೊಳಗಿನ ಎರಡು ಪಿಕಪ್‌ಗಳನ್ನೂ ಕಿತ್ತು ಹೊಸದು ಹಾಕಿಕೊಡಿ. ಹಳೆಯವು ಗೊಣಗುತ್ತವೆ. ನನಗೆ ಬೇಕಾದ್ದು ತಂತಿಯನ್ನು ಮಾತ್ರ ಕೇಳಿಸಿಕೊಳ್ಳುವ ಪಿಕಪ್. ಬೇರೆ ಯಾವುದಕ್ಕೂ ಅದಕ್ಕೆ ಕಿವಿ ಇರಬಾರದು.

ಬುರುಲ್ಚಾ ಅಸಾನೊವ್ನಾ


ಅಲ್ಮಾಟಿ
೨೯ ಮಾರ್ಚ್

ಬುರುಲ್ಚಾ ಅಸಾನೊವ್ನಾ,

ಆ ಅಕಾರ್ಡಿಯನ್‌ನವನಿಗೆ ಹೇಳಿ, ಬಾಯಿ ಸರಿಯಿಲ್ಲದವನು ನಾನಲ್ಲ, ಹದಿನೇಳು ವರ್ಷದ ಹಿಂದೆ ಕೆಲಸ ಮಾಡಿಸಿಕೊಂಡು ಥ್ಯಾಂಕ್ಸ್ ಕೂಡ ಹೇಳದೆ ಹೋದ ಅವನು.

"ಹೊಸ ಪಿಕಪ್ ಹಾಕಿ" ಅಂದರೆ "ಒಂದು ಚಪ್ಪಲಿ ಕೊಡಿ" ಅಂದ ಹಾಗಾಯಿತು. ಯಾರ ಕಾಲಿಗೆ? ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳು ತಂತಿಯನ್ನು ಎಂಟು ಸಾವಿರ ಸುತ್ತು ಸುತ್ತಿದರೆ ಅದು ಪಿಕಪ್. ಮೇಲಿನ ತಂತಿ ನಡುಗಿದರೆ ಅದನ್ನು ಸ್ಪೀಕರಿಗೆ ದಾಟಿಸುತ್ತದೆ. ಒಂದು ಸಾವಿರ ಸುತ್ತು ಹೆಚ್ಚಾದರೆ ದನಿ ದಪ್ಪಗಾಗಿ ಮಂಕಾಗುತ್ತದೆ, ಕಮ್ಮಿಯಾದರೆ ಕೀರಲು. ಕುತ್ತಿಗೆ ಪಕ್ಕದ್ದು ಹೊಟ್ಟೆಯಿಂದ ಮಾತಾಡುತ್ತದೆ, ಬಾಲದ ಪಕ್ಕದ್ದು ಹಲ್ಲಿನಿಂದ. ನಿಮ್ಮ ಮಗಳು ಬೆರಳಲ್ಲಿ ನುಡಿಸುತ್ತಾಳೋ, ಮೀಟುವ ಚಿಪ್ಪಿನಲ್ಲೋ? ಕುಣಿಯುವವರಿಗೋ, ಉಣ್ಣುವವರಿಗೋ? ಆ ರೆಸ್ಟೋರೆಂಟಿನ ಮುಂದೆ ಟ್ರಾಲಿಬಸ್ ಓಡುತ್ತದೆಯೋ? ಓಡಿದರೆ ಸಂಜೆಯಿಡೀ ಗುಂಯ್‌ಗುಡುತ್ತದೆ, ಅದಕ್ಕೆ ಬೇರೆ ಮದ್ದು.

ಇನ್ನು ಕಿವಿಯ ವಿಷಯ. ನಿಮಗೆ ಅದು ಹೇಗೆ ಗೊತ್ತಾಯಿತೋ, ಮಾತು ಮಾತ್ರ ಸರಿ. ಹಳೆಯ ಕಾಲದ ಸುರುಳಿಗಳನ್ನು ಮೇಣದಲ್ಲಿ ಅದ್ದುತ್ತಿರಲಿಲ್ಲ. ಸುತ್ತುಗಳು ಸಡಿಲವಿದ್ದರೆ ಮನುಷ್ಯರ ಮಾತಿಗೂ ನಡುಗುತ್ತವೆ. ಬಗ್ಗಿ ಮಾತಾಡಿದರೆ ಸ್ಪೀಕರಿನಲ್ಲಿ ಸಣ್ಣ ದನಿ ಬರುತ್ತದೆ, ಬಾವಿಯೊಳಗಿಂದ ಕರೆದ ಹಾಗೆ. ಬಿಸಿ ಮೇಣದಲ್ಲಿ ಅರ್ಧ ಗಂಟೆ ಮುಳುಗಿಸಿದರೆ ಮುಗಿಯಿತು, ಕಲ್ಲಿನಷ್ಟು ಕಿವುಡು.

ಗಿಟಾರನ್ನೇ ಕಳಿಸಿ. ದಾರದಲ್ಲಿ ಅಳೆದು ಕಳಿಸಿದ ಅಳತೆ ನನಗೆ ಬೇಡ. ಫೋನ್ ಮಾಡಬೇಡಿ, ನಾನು ಎತ್ತುವುದಿಲ್ಲ.

ಅ. ಯುಗಾಯ್


ಬಾಲಿಕ್ಚಿ
೧೨ ಏಪ್ರಿಲ್

ಅಫನಾಸಿ ಬಾಯ್ಕೆ,

ಸೆಮ್ಯೊನೊವಿಚ್ ಅಂತ ಅಪ್ಪನ ಹೆಸರು ಸೇರಿಸಿ ಕರೆಯುವುದು ನನಗೆ ಸಾಕಾಯಿತು. ನನ್ನ ಅಣ್ಣ ಬದುಕಿದ್ದರೆ ನಿಮ್ಮ ವಯಸ್ಸು, ಅದಕ್ಕೇ ಬಾಯ್ಕೆ ಅನ್ನುತ್ತೇನೆ. ಬೇಡವಾದರೆ ಹೇಳಿ.

ಗಿಟಾರನ್ನು ಅಲ್ಮಾಟಿ ಬಸ್ಸಿನ ಡ್ರೈವರ್ ಕುಬಾತ್ ಕೈಯಲ್ಲಿ ಕಳಿಸಿದ್ದೇನೆ. ಎರಡು ಹಾಸಿಗೆ ಸುತ್ತಿದ್ದೇನೆ. "ಅಕ್ಕಾ, ಇದೇನು ಹೆಣ ಕಳಿಸ್ತಾ ಇದೀರಾ, ಗಡೀಲಿ ಬಿಚ್ಚಿಸ್ತಾರೆ" ಅಂದ. ಬಾಯಿ ಮುಚ್ಚು ಅಂದೆ. ಜೊತೆಗೆ ಹೊಗೆಯಾಡಿಸಿದ ಮೀನಿದೆ, ನಿಮಗೆ. ಕುಬಾತ್ ದಾರಿಯಲ್ಲಿ ತಿನ್ನದಿದ್ದರೆ ಒಂಬತ್ತು ಇರಬೇಕು.

ಸಿರ್ಗಾ ಬೆರಳಲ್ಲೇ ನುಡಿಸುತ್ತಾಳೆ. ಬೆರಳು ಸಣ್ಣವು, ಆದರೆ ಅಪ್ಪನ ಹಾಗೆ ಒತ್ತುತ್ತಾಳೆ. ಟ್ರಾಲಿಬಸ್ ಬಾಗಿಲ ಮುಂದೆಯೇ ಓಡುತ್ತದಂತೆ.

ಪಿಕಪ್‌ಗೆ ಕಿವಿ ಇದೆ ಅಂತ ಗೊತ್ತಾದದ್ದು ಹೇಗೆ ಅಂದಿರಿ. ಇವನ ಹುಡುಗಾಟದಿಂದ. ದಿನಾ ಊಟವಾದ ಮೇಲೆ ಒಳಕೋಣೆಯಲ್ಲಿ ಅಭ್ಯಾಸಕ್ಕೆ ಕೂರುತ್ತಿದ್ದ. ನಾಲ್ಕು ಹೊಡೆಯುವಾಗ ಗಿಟಾರಿನ ಕುತ್ತಿಗೆಗೆ ಬಾಯಿ ಇಟ್ಟು, "ಬುರುಲ್ಚಾ, ಚಹಾ!" ಅಂತ ಕೂಗುತ್ತಿದ್ದ. ಅದು ಸ್ಪೀಕರಿನಲ್ಲಿ ಕೀಚಲಾಗಿ ಬರುತ್ತಿತ್ತು. ಮದುವೆಯಾದ ಹೊಸದರಲ್ಲಿ ನಗುತ್ತಿದ್ದೆ. ಆಮೇಲೆ, "ನಿನ್ನ ಪೆಟ್ಟಿಗೆಗೇ ಚಹಾ ಕಾಸೋಕೆ ಹೇಳು" ಅಂತ ಬೈಯುತ್ತಿದ್ದೆ. ಆದರೂ ಹೋಗುತ್ತಿದ್ದೆ.

ಒಂದು ಮಾತು. ಬಿಚ್ಚುವ ಮೊದಲು ಒಂದು ಗುರುವಾರ ನಾಲ್ಕು ಗಂಟೆಗೆ ಅದನ್ನು ಸ್ಪೀಕರಿಗೆ ಸಿಕ್ಕಿಸಿ, ತಂತಿ ಮುಟ್ಟದೆ ಸುಮ್ಮನೆ ಕೂತು ಕೇಳಿ. ಏನು ಕೇಳಿಸಿತು ಅಂತ ಬರೆಯಿರಿ. ಯಾಕೆ ಅಂತ ಕೇಳಬೇಡಿ.

ಬುರುಲ್ಚಾ


ಅಲ್ಮಾಟಿ
೨೫ ಏಪ್ರಿಲ್

ಬುರುಲ್ಚಾ ಅಸಾನೊವ್ನಾ,

ಮೀನು ಏಳೇ ಬಂತು. ಡ್ರೈವರಿಗೆ ಎರಡು ಸಲ್ಲುವುದು ನ್ಯಾಯವೇ. ಬಾಯ್ಕೆ ಅನ್ನಿ, ನನ್ನದೇನೂ ಗಂಟು ಹೋಗುವುದಿಲ್ಲ.

ಗಿಟಾರ್ ಒಳ್ಳೆಯದು, ಹಳೆಯ ಜೆಕ್ ಮಾಲು. ಅವನ ಹೆಬ್ಬೆರಳು ಊರಿದ ಜಾಗದಲ್ಲಿ ಬಣ್ಣ ಹೋಗಿ ಮರ ಕಾಣುತ್ತದೆ, ಅದನ್ನು ನಾನು ಮುಟ್ಟುವುದಿಲ್ಲ. ಟ್ರಾಲಿಬಸ್ ಇದೆ ಅಂದ ಮೇಲೆ ಬಾಲದ ಪಕ್ಕ ಜೋಡಿ ಸುರುಳಿಯೇ ಬೇಕು. ಒಂದರ ಸುತ್ತು ಬಲಕ್ಕೆ, ಇನ್ನೊಂದರದು ಎಡಕ್ಕೆ, ಒಂದರ ಗೊಣಗಾಟವನ್ನು ಇನ್ನೊಂದು ಅಡಗಿಸುತ್ತದೆ. ಗಂಡ ಹೆಂಡಿರಲ್ಲಿ ಇದು ಆಗದ ಮಾತು, ಸುರುಳಿಯಲ್ಲಿ ಆಗುತ್ತದೆ. ಕುತ್ತಿಗೆ ಪಕ್ಕ ಏಳೂವರೆ ಸಾವಿರ ಸುತ್ತಿನ ಒಂಟಿ ಸುರುಳಿ ಸಾಕು, ಸಣ್ಣ ಬೆರಳಿಗೂ ಹೊಟ್ಟೆ ತುಂಬ ಮಾತಾಡುತ್ತದೆ. ಎರಡನ್ನೂ ಮೇಣಕ್ಕೆ ಹಾಕುತ್ತೇನೆ. ಒಪ್ಪಿಗೆಯೋ?

ನೀವು ಹೇಳಿದಂತೆ ಮೊನ್ನೆ ಗುರುವಾರ ನಾಲ್ಕಕ್ಕೆ ಸ್ಪೀಕರಿಗೆ ಸಿಕ್ಕಿಸಿ ಕೂತೆ. ಕೇಳಿಸಿತು. ಸ್ಪಷ್ಟವಾಗಿಯೇ ಕೇಳಿಸಿತು, ನೀವು ಹೇಳಿದ ಹಾಗೆಯೇ ಇದೆ. ಮೇಣ ಬಿದ್ದರೆ ಸರಿಹೋಗುತ್ತದೆ.

ಅ. ಯುಗಾಯ್


ಬಾಲಿಕ್ಚಿ
೩ ಮೇ

ಬಾಯ್ಕೆ,

ನಿಮಗೂ ಕೇಳಿಸಿತೇ? ಅಯ್ಯೋ ದೇವರೇ, ನಿಮಗೂ ಕೇಳಿಸಿತೇ!

ನನಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದೆ. ಇಷ್ಟು ತಿಂಗಳು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಸತ್ತವರಿಗೆ ಎಣ್ಣೆಯ ವಾಸನೆಯೇ ಊಟ ಅಲ್ಲವೇ, ಗುರುವಾರ ಗುರುವಾರ ಅವನಿಗಾಗಿ ಹಿಟ್ಟಿನ ಬೊರ್ಸೊಕ್ ಕರಿಯುತ್ತೇನೆ. ನಲವತ್ತನೇ ದಿನ ಕಳೆದ ಮೇಲೆ ಒಂದು ಗುರುವಾರ ಧೂಳು ಒರೆಸುತ್ತ ಸ್ಪೀಕರ್ ಪೆಟ್ಟಿಗೆಯ ಗುಂಡಿ ಒತ್ತಿದೆ. ಎಣ್ಣೆ ಕಾಯುವ ಹೊತ್ತಿಗೆ ಒಳಕೋಣೆಯಿಂದ ಕೀಚಲು ದನಿ ಬಂತು. ನನ್ನ ಹೆಸರು. ಅಷ್ಟೇ, ಮುಂದಿನದ್ದು ತಿಳಿಯಲಿಲ್ಲ. ಆಮೇಲೆ ಗಿಟಾರ್ ಕಳಿಸುವವರೆಗೂ ಪ್ರತಿ ಗುರುವಾರ ಗುಂಡಿ ಒತ್ತಿದ್ದೇನೆ. ಹೆದರಿಕೆಯಾಗುತ್ತಿತ್ತು, ಆದರೂ ಒತ್ತುತ್ತಿದ್ದೆ. ಮಗಳ ಕಿವಿಗೆ ಅದು ಬೀಳಬಾರದು ಅಂತಲೇ ನಿಮಗೆ ಬರೆದದ್ದು.

ಏನಂದ? ನಿಮ್ಮ ಕಿವಿ ಪಳಗಿದ ಕಿವಿ, ಮುಂದಿನ ಮಾತು ನಿಮಗೆ ತಿಳಿದಿರಬೇಕು. ಏನಂದ ಅಂತ ಬರೆಯಿರಿ. ಏನನ್ನೂ ಬಿಚ್ಚಬೇಡಿ, ಮೇಣ ಬೇಡವೇ ಬೇಡ.

ಜೂನ್ ಆರಕ್ಕಿದ್ದ ಆಷ್ ನಿಲ್ಲಿಸಿದ್ದೇನೆ. ಮೈದುನ ಕಾಸಿಮಾಲಿ ಅಂಗಳದಲ್ಲಿ ನಿಂತು ಕೂಗಾಡಿದ: "ಅತ್ತಿಗೆ, ವರ್ಷ ದಾಟಿದ್ರೆ ಅಣ್ಣ ಅತಂತ್ರ ಆಗ್ತಾನೆ, ನಿಮಗೇನು ಹುಚ್ಚಾ? ಕುದುರೆ ಕೊಬ್ಸಿ ಕಟ್ಟಿದೀನಿ!" ಇನ್ನೂ ಕರೆಯುತ್ತಿರುವವನಿಗೆ, ಹೋಗಿ ಬಾ ಅಂತ ಊಟ ಹಾಕುವುದು ಹೇಗೆ ಬಾಯ್ಕೆ? ಸಿರ್ಗಾ ಅಳುತ್ತಿದ್ದಾಳೆ. ಆಷ್ ಆಗದೆ ಗಿಟಾರ್ ಅವಳ ಕೈಗೆ ಬರುವಂತಿಲ್ಲ, ಕೆಲಸ ಹೋಗುತ್ತದೆ. ಬೇಗ ಬರೆಯಿರಿ.

ಬುರುಲ್ಚಾ


ಅಲ್ಮಾಟಿ
೨೭ ಮೇ

ತಂಗಿ ಬುರುಲ್ಚಾ,

ಮೂರು ವಾರ ತಡ ಮಾಡಿದೆ. ಮೂರು ಕಾಗದ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನಾನು ಕಿವುಡ. ತೊಂಬತ್ಮೂರರಿಂದ ಪೂರ್ತಿ ಕಿವುಡ. ಅದಕ್ಕೇ ಫೋನ್ ಬೇಡ ಅಂದದ್ದು. ಮೀಟರಿನ ಮುಳ್ಳು ನೋಡಿ ಕೆಲಸ ಮಾಡುತ್ತೇನೆ, ಗಿಟಾರಿನ ಮರವನ್ನು ಹಲ್ಲಲ್ಲಿ ಕಚ್ಚಿ ಹಿಡಿದರೆ ತಂತಿಯ ನಡುಕ ತಲೆಬುರುಡೆಗೆ ಒಂದಿಷ್ಟು ತಾಗುತ್ತದೆ. ಗಿರಾಕಿ ಬಂದರೆ ತಲೆಯಾಡಿಸುತ್ತ, "ಹ್ಞಾಂ, ಚೆನ್ನಾಗಿ ಕೇಳಿಸ್ತು" ಅನ್ನುತ್ತೇನೆ. ಕಿವುಡನ ಕೈಗೆ ಯಾರು ಪಿಕಪ್ ಕೊಡುತ್ತಾರೆ ಹೇಳಿ? ನಿಮಗೂ ಅದೇ ಬಾಯಿಪಾಠ ಒಪ್ಪಿಸಿದೆ. ಗುರುವಾರ ನಾಲ್ಕಕ್ಕೆ ನಾನು ಪೆಟ್ಟಿಗೆಯ ಮುಂದೆ ಕೂರಲೂ ಇಲ್ಲ, ಮೀನು ತಿನ್ನುತ್ತಿದ್ದೆ. ನಿಮ್ಮ ಕಾಗದ ಓದಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕ್ಷಮಿಸಿ ಅನ್ನುವುದಕ್ಕೂ ಮುಖವಿಲ್ಲ.

ಈಗ ಹೇಳುವುದು ಸುಳ್ಳಲ್ಲ, ಮೀಟರ್ ಹೇಳಿದ್ದು. ನಿಮಗೆ ಬರೆದ ಮೂರನೇ ದಿನ ಗಿಟಾರ್ ಬಿಚ್ಚಿದೆ. ಬಾಲದ ಪಕ್ಕದ ಪಿಕಪ್ ಅಂಟಿನಲ್ಲಿ ಹುಗಿದದ್ದು, ತಂತಿಯೊಂದನ್ನು ಬಿಟ್ಟರೆ ಹುಟ್ಟಾ ಕಿವುಡು. ಕುತ್ತಿಗೆ ಪಕ್ಕದ್ದು ಸತ್ತಿದೆ. ಒಳತಂತಿ ಹಸಿರುಗಟ್ಟಿ ತುಂಡಾಗಿದೆ. ಯಾರೋ ಅದನ್ನು ಬಿಚ್ಚಿ ನೋಡಿ, ತುದಿಗಳಿಗೆ ಅಚ್ಚುಕಟ್ಟಾಗಿ ಟೇಪ್ ಸುತ್ತಿ, ಅಲುಗದಿರಲೆಂದು ಅಡಿಗೆ ಪತ್ರಿಕೆ ಮಡಿಸಿಟ್ಟು ಮತ್ತೆ ಮುಚ್ಚಿದ್ದಾರೆ. ಪತ್ರಿಕೆಯ ತಾರೀಕು ೧೧ ನವೆಂಬರ್ ೧೯೯೩. ಅಂದಿನಿಂದ ಆ ಪಿಕಪ್‌ನಿಂದ ಒಂದು ಉಸಿರೂ ಸ್ಪೀಕರಿಗೆ ಹೋಗಿಲ್ಲ, ಹೋಗುವುದು ಸಾಧ್ಯವೂ ಇಲ್ಲ.

ಹಾಗಾಗಿ ನೆಮ್ಮದಿಯಾಗಿರಿ. ಈ ಗಿಟಾರಿನೊಳಗೆ ಯಾರೂ ಇಲ್ಲ. ಆಷ್ ಹಾಕಿ, ಮಗಳನ್ನು ಕೆಲಸಕ್ಕೆ ಕಳಿಸಿ.

ಅಫನಾಸಿ


ಬಾಲಿಕ್ಚಿ
೧ ಜೂನ್

ಬಾಯ್ಕೆ,

ನಿಮ್ಮ ಮೇಲೆ ಕೋಪ ಬಂತು, ಇಳಿದೂ ಹೋಯಿತು. ಅದಕ್ಕಿಂತ ದೊಡ್ಡ ಬೆಂಕಿ ಹೊತ್ತಿಸಿದ್ದೀರಿ. ನೆಮ್ಮದಿ ಕೊಡುತ್ತೇನೆಂದು ಇದ್ದದ್ದನ್ನೂ ಕಿತ್ತುಕೊಂಡಿರಿ.

ಯಾರಿಗೂ ಹೇಳದ್ದನ್ನು ಬರೆಯುತ್ತೇನೆ. ಅವನು ಹೋದದ್ದು ಗುರುವಾರ. ಅವತ್ತು ತೀರಿಹೋದ ನನ್ನ ಅತ್ತೆಯ ಹೆಸರಲ್ಲಿ ಎಣ್ಣೆ ಇಟ್ಟಿದ್ದೆ. ಒಳಗೆ ಅವನು ನುಡಿಸುತ್ತಿದ್ದ. ತಂತಿ ನಿಂತಿತು, ಪೆಟ್ಟಿಗೆಯಿಂದ ಕೀಚಲಾಗಿ "ಬುರುಲ್ಚಾ" ಅಂತ ಬಂತು. ಇನ್ನೊಂದು ಮಾತು ಇತ್ತು, ಎಣ್ಣೆಯ ಸದ್ದಿನಲ್ಲಿ ಕೇಳಿಸಲಿಲ್ಲ. ಸತ್ತವರ ಎಣ್ಣೆ ಒಲೆ ಮೇಲಿರುವಾಗ ಬಿಟ್ಟು ಏಳಬಾರದು, ವಾಸನೆ ತುಂಡಾದರೆ ಬಂದವರು ಹಸಿದು ವಾಪಸ್ ಹೋಗುತ್ತಾರೆ ಅಂತ ಅದೇ ಅತ್ತೆ ನನಗೆ ಕಲಿಸಿದ್ದು. "ನಿಮ್ಮಮ್ಮನ ಎಣ್ಣೆ ಒಲೆ ಮೇಲಿದೆ, ನೀನೇ ಬಾ!" ಅಂತ ಕೂಗಿದೆ. ಬರಲಿಲ್ಲ. ಸಿಟ್ಟು ಮಾಡಿಕೊಂಡ ಅಂದುಕೊಂಡೆ. ಕೊನೆಯ ಬೊರ್ಸೊಕ್ ತೆಗೆದು ಹೋದಾಗ ಗಿಟಾರಿನ ಮೇಲೆ ಬಾಗಿ ಕೂತಿದ್ದ. ತಲೆಯೊಳಗೆ ರಕ್ತ ಒಡೆದಿದೆ ಅಂದರು ಡಾಕ್ಟರು.

ಸತ್ತವಳಿಗಾಗಿ ಬದುಕಿದ್ದವನನ್ನು ಕಾಯಿಸಿದೆ, ಬಾಯ್ಕೆ. ಅವನು "ಬಾ, ಸಾಯ್ತಿದೀನಿ" ಅಂದನೋ, "ಚಹಾ" ಅಂದನೋ ನನಗೆ ಗೊತ್ತಿಲ್ಲ. ಅದನ್ನು ತಿಳಿದುಕೊಳ್ಳಲಿಕ್ಕೇ ಗುರುವಾರ ಗುರುವಾರ ಆ ಗುಂಡಿ ಒತ್ತುತ್ತಿದ್ದೆ.

ಈಗ ನೀವು ಹೇಳುತ್ತೀರಿ, ಆ ಪಿಕಪ್ ಸತ್ತು ನಾಲ್ಕೂವರೆ ವರ್ಷವಾಯಿತು ಅಂತ. ಅವನು ಹೋಗಿ ಇನ್ನೂ ಒಂದು ವರ್ಷ ತುಂಬಿಲ್ಲ. ಹಾಗಾದರೆ ಅದಕ್ಕೂ ಮೊದಲು ಮೂರೂವರೆ ವರ್ಷ, ದಿನಾ ನಾಲ್ಕು ಗಂಟೆಗೆ ನನ್ನನ್ನು ಚಹಾಕ್ಕೆ ಕರೆದದ್ದು ಯಾರು?

ಬುರುಲ್ಚಾ


ಅಲ್ಮಾಟಿ
೪ ಜೂನ್

ತಂಗಿ,

ಕುಬಾತ್ ಬಸ್ ನಿಲ್ಲಿಸಿಕೊಂಡು ಕಾಯುತ್ತಿದ್ದಾನೆ, ಬೈಯುತ್ತಲೂ ಇದ್ದಾನೆ. ಬೈಗುಳ ನನಗೆ ಕೇಳಿಸುವುದಿಲ್ಲವಾದ್ದರಿಂದ ನಿಧಾನವಾಗಿಯೇ ಬರೆಯುತ್ತೇನೆ.

ಆ ಟೇಪ್ ಸುತ್ತಿದ್ದು ಶರ್ಶೆನ್ ಅಲ್ಲದೆ ಇನ್ಯಾರು? ತನ್ನ ಗಿಟಾರನ್ನು ಬೇರೆಯವರ ಕೈಗೆ ಕೊಡುವ ಜಾತಿಯಲ್ಲ ಅದು. ಪಿಕಪ್ ಸತ್ತದ್ದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ನಿಮಗೆ ಹೇಳಲಿಲ್ಲ. ಇಂಥ ಕಳ್ಳತನ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಐದು ವರ್ಷದಿಂದ ನಾನು ಮಾಡುತ್ತಿರುವುದೂ ಅದೇ. ನೀವು ಬೈಯುತ್ತಿದ್ದಿರಿ, ಆದರೂ ಹೋಗುತ್ತಿದ್ದಿರಿ. ಪಿಕಪ್ ಕೆಟ್ಟಿತು ಅಂದರೆ ಆಟ ಮುಗಿಯಿತು. ಅದಕ್ಕೇ ಪೆಟ್ಟಿಗೆಯ ದನಿಯನ್ನು ತನ್ನ ಬಾಯಲ್ಲೇ ಮಾಡಿದ.

ಮಾಡಲು ಬರುತ್ತದೆ. ನಿನ್ನೆ ಪಕ್ಕದ ಮನೆಯ ಫ್ರೋಸ್ಯಾಳನ್ನು ಗೋಡೆಯಾಚೆ ನಿಲ್ಲಿಸಿ ಪ್ರಯೋಗ ಮಾಡಿದೆ. ಕೈ ಅಡ್ಡ ಹಿಡಿದು ಕೂಗಿದರೆ ಆಗಲಿಲ್ಲ. ತಗಡಿನ ಲೋಟವನ್ನು ಬಾಯಿಗೆ ಒತ್ತಿಟ್ಟು ಮೂಗಿನಿಂದ ಕೂಗಿದೆ. ಅವಳು ಓಡಿ ಬಂದು ಹಲಗೆಯ ಮೇಲೆ ದೊಡ್ಡದಾಗಿ ಬರೆದಳು: "ಥೇಟ್ ಸ್ಪೀಕರ್. ಮುದುಕಪ್ಪ, ನಿನಗೆ ಬುದ್ಧಿ ನೆಟ್ಟಗಿದೆಯಾ?"

ಈಗ ಯೋಚನೆ ಮಾಡಿ. ಅವತ್ತೂ ಬಂದದ್ದು ಕೀಚಲು ದನಿ, ಅವನ ಸ್ವಂತ ದನಿಯಲ್ಲ ಅಂದಿರಿ. ತಲೆಯಲ್ಲಿ ರಕ್ತ ಒಡೆದವನು ಲೋಟ ಎತ್ತಿ ಬಾಯಿಗಿಟ್ಟು ಅಣಕದ ದನಿ ಮಾಡುತ್ತಾನೆಯೇ? ಸಾಯುವವನು ತನ್ನ ಸ್ವಂತ ಗಂಟಲಲ್ಲೇ ಕರೆಯುತ್ತಾನೆ ತಂಗಿ. ಅವನು ಕರೆದದ್ದು ಚಹಾಕ್ಕೆ. ಕರೆಯುವಾಗ ಹುಷಾರಾಗಿದ್ದ, ಆಟವಾಡುತ್ತಿದ್ದ. ಆ ಹೊತ್ತು ಅವನ ಕೈಗೆಟುಕುವಲ್ಲಿ ಲೋಟ ಇತ್ತೇ, ನೆನಪು ಮಾಡಿಕೊಳ್ಳಿ. ಉತ್ತರ ನನಗೆ ಬೇಡ, ನಿಮಗೆ ಬೇಕು.

ಸತ್ತ ಮೇಲಿನ ದನಿಯ ಬಗ್ಗೆ ನನಗೇನೂ ತಿಳಿಯದು. ನನ್ನ ಹೆಂಡತಿ ಹೋಗಿ ಆರು ವರ್ಷ. ಅವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಈ ಕಿವಿಗೆ ಉಳಿದಿರುವುದು ಅದೊಂದೇ ಸದ್ದು. ಅದು ಯಾವ ಪಿಕಪ್‌ನಿಂದ ಬರುತ್ತದೆ ಅಂತ ನಾನು ಬಿಚ್ಚಿ ನೋಡಲು ಹೋಗಿಲ್ಲ.

ಬಾಲದ ಪಕ್ಕದ ಜೋಡಿ ಸುರುಳಿ ತಯಾರಾಗಿ ಮೇಣವನ್ನೂ ಕುಡಿದಿದೆ. ಕುತ್ತಿಗೆಯದ್ದನ್ನು ಸುತ್ತಿಟ್ಟು ಕಾಯುತ್ತಿದ್ದೇನೆ. ಮೇಣಕ್ಕೆ ಹಾಕಲೋ, ಬೇಡವೋ? ಇಬ್ಬರಲ್ಲಿ ಕಿವಿ ಇರುವವರು ನೀವು, ನೀವೇ ಹೇಳಬೇಕು.

ಅಫನಾಸಿ


ಬಾಲಿಕ್ಚಿ
೬ ಜೂನ್

ಬಾಯ್ಕೆ,

ಲೋಟ ಇತ್ತು.

ನೀಲಿ ಎನಾಮೆಲ್ ಲೋಟ, ಕಿಟಕಿಯ ದಂಡೆ ಮೇಲೆ, ಅವನ ಎಡಗೈಗೆ. ಬೋರಲು ಹಾಕಿತ್ತು. ಅವನು ಯಾವಾಗಲೂ ಹಾಗೆಯೇ ಇಡುತ್ತಿದ್ದ. ಸಂಜೆ ಹೆಂಗಸರು ತುಂಬಿಕೊಂಡಾಗ ಅದನ್ನೂ ತೊಳೆಯಲು ತೆಗೆದುಕೊಂಡೆ. ಒಳಗೆ ಒಣಗಿತ್ತು. ಚಹಾ ಇಲ್ಲ, ನೀರಿಲ್ಲ, ಇದು ಇಲ್ಲಿಗೆ ಯಾಕೆ ಬಂತು ಅಂತ ಒಂದು ಗಳಿಗೆ ಅನ್ನಿಸಿತ್ತು. ಆಮೇಲೆ ಅಳು ನುಂಗಿತು.

ಕರೆದು, ಲೋಟ ಬೋರಲು ಹಾಕಿ, ಮತ್ತೆ ಕೂತಿದ್ದಾನೆ. ಆಮೇಲೆ ಬಂದಿದೆ ಅದು. ಮೂರೂವರೆ ವರ್ಷ ಲೋಟದೊಳಗೆ ಕೂಗಿದ ಕಳ್ಳ! ನಾನೋ ಪೆಟ್ಟಿಗೆಗೆ ಬೈಯುತ್ತಿದ್ದೆ. ಕಾಗದ ಓದಿ ನಕ್ಕುಬಿಟ್ಟೆ ಬಾಯ್ಕೆ, ಕಪ್ಪು ಬಟ್ಟೆಯಲ್ಲಿ ಕೂತು ಜೋರಾಗಿ ನಕ್ಕೆ. ಸಿರ್ಗಾ ಹೆದರಿ ಓಡಿ ಬಂದಳು. ಅವಳಿಗೆ ಎಲ್ಲ ಹೇಳಿದೆ. ಇಬ್ಬರೂ ಅತ್ತೆವು.

ಎಣ್ಣೆ ಬಿಟ್ಟು ಎದ್ದಿದ್ದರೆ ಪಕ್ಕದಲ್ಲಿ ಇರುತ್ತಿದ್ದೆ. ಅದು ಹೋಗುವುದಿಲ್ಲ, ಹೋಗಲಿ ಅಂತ ನಾನೂ ಕೇಳುವುದಿಲ್ಲ. ಆದರೆ ಕೂಗಿ ಕೂಗಿ ಸತ್ತ ಅನ್ನುವ ಕಲ್ಲು ಎದೆಯ ಮೇಲಿಂದ ಇಳಿಯಿತು.

ಆಷ್ ಬುಧವಾರ, ಹತ್ತಕ್ಕೆ. ಕಾಸಿಮಾಲಿಗೆ ಹೇಳಿಕಳಿಸಿದೆ. ಬಂದವನೇ, "ಕುದುರೆ ಇನ್ನೂ ಕೊಬ್ಬಿದೆ ಅತ್ತಿಗೆ, ಒಳ್ಳೇದೇ ಆಯ್ತು" ಅಂದ.

ಕುತ್ತಿಗೆಯದ್ದಕ್ಕೆ ಮೇಣ ಬೇಡ. ಕಿವಿ ಇರಲಿ. ಎರಡಕ್ಕೂ ಬೇರೆ ಬೇರೆ ಗುಂಡಿ ಇಡಿ, ಗದ್ದಲದಲ್ಲಿ ಸಿರ್ಗಾ ಅದನ್ನು ಮುಚ್ಚಿಕೊಳ್ಳಲಿ. ನನ್ನ ಮಗಳೂ ಒಂದು ದಿನ ಯಾರನ್ನಾದರೂ ಚಹಾಕ್ಕೆ ಕರೆದಾಳು. ಸತ್ತ ಹಳೆಯ ಪಿಕಪ್ ನಿಮ್ಮ ಹತ್ತಿರವೇ ಇರಲಿ. ಕಿವುಡರಿಬ್ಬರೂ ಜೊತೆಯಾಗಿರಿ.

ಬುರುಲ್ಚಾ


ಬಾಲಿಕ್ಚಿ
೨೬ ಜೂನ್

ಬಾಯ್ಕೆ,

ಆಷ್ ಆಯಿತು. ಗೋಡೆಗೆ ಮುಖ ಮಾಡಿ ಕೂತು ಕೊನೆಯ ಸಲ ಅವನ ಮೇಲೆ ಶೋಕದ ಹಾಡು ಹೇಳಿದೆ. ಲೋಟದ ಕಥೆಯನ್ನೂ ಅದರಲ್ಲಿ ಸೇರಿಸಿದೆ. ಅಳುತ್ತಿದ್ದ ಹೆಂಗಸರು ನಕ್ಕರು, ನಕ್ಕು ಮತ್ತೆ ಅತ್ತರು. ಕಾಸಿಮಾಲಿಯ ಹೆಂಡತಿ ನನ್ನ ಕಪ್ಪು ಬಟ್ಟೆ ಬಿಚ್ಚಿಸಿ ಬಿಳಿ ತಲೆವಸ್ತ್ರ ಸುತ್ತಿದಳು.

ಗಿಟಾರ್ ಹನ್ನೆರಡಕ್ಕೆ ಬಂತು, ಅವನು ಹೋದ ದಿನವೇ. ಸಿರ್ಗಾ ನುಡಿಸಿದಳು. ನೀವು ಅದನ್ನು ಹಲ್ಲಿನಲ್ಲಿ ಮಾತ್ರ ಕೇಳಿದ್ದೀರಿ, ಅದಕ್ಕೇ ಹೇಳುತ್ತೇನೆ: ನಿಮ್ಮ ಕುತ್ತಿಗೆ ಸುರುಳಿಯ ದನಿಗೆ ಕಪಾಟಿನಲ್ಲಿದ್ದ ಪಿಂಗಾಣಿಯೆಲ್ಲ ನಡುಗಿತು. ಒಂದು ಸಾಸರ್ ಬಿದ್ದು ಒಡೆಯಿತು. ಶರ್ಶೆನ್‌ನ ದನಿಯಲ್ಲ ಅದು, ಅವಳದೇ. ಹದಿನಾಲ್ಕಕ್ಕೆ ಬಿಷ್ಕೆಕ್‌ಗೆ ಹೊರಟಳು. ಗಿಟಾರ್ ಒಯ್ದಳು, ಸ್ಪೀಕರ್ ಪೆಟ್ಟಿಗೆಯನ್ನೂ ಒಯ್ದಳು. ಒಳಕೋಣೆಯಲ್ಲಿ ಈಗ ಒಂದು ಕುರ್ಚಿ, ಒಂದು ಕಿಟಕಿ, ಅಷ್ಟೇ. ಗೋಡೆಗೆ ಸಿಕ್ಕಿಸುವ ತಂತಿ ಕೂಡ ಇಲ್ಲ.

ನಿನ್ನೆ ಗುರುವಾರ. ಅವನ ಹೆಸರಲ್ಲಿ ಎಣ್ಣೆ ಇಟ್ಟಿದ್ದೆ. ಎರಡು ಬೊರ್ಸೊಕ್ ಬಿಟ್ಟಿದ್ದೆನೇನೋ, ನಾಲ್ಕು ಹೊಡೆಯಿತು. ಒಳಕೋಣೆಯಿಂದ ಕರೆದ.

"ಬಂದೆ" ಅಂದೆ. ಬಾಣಲೆಯನ್ನು ಒಲೆಯಿಂದ ಇಳಿಸಿದೆ. ಅತ್ತೆ ಏನಾದರೂ ಅಂದುಕೊಳ್ಳಲಿ. ಎರಡು ಬಟ್ಟಲು ಚಹಾ ತೆಗೆದುಕೊಂಡು ಹೋದೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಕುರ್ಚಿಯ ಎದುರು ಕೂತು ನನ್ನ ಚಹಾ ಕುಡಿದೆ. ಅವನದು ಆರುವವರೆಗೂ ಅಲ್ಲೇ ಕೂತಿದ್ದೆ.

ಬುರುಲ್ಚಾ